ರಂಗಭೂಮಿಯಲ್ಲಿ ಪಳಗಿದ ಪೋಷಕ ನಟರು ಸಿನಿಮಾ, ಕಿರುತೆರೆಗಳಲ್ಲಿ ಬಾಳುವ ಬಗೆ

ಸಾಗರದ ಪ್ರೇಕ್ಷಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಹೊಸನಗರದಲ್ಲಿರುವ ನನ್ನ ಅಕ್ಕನ ಮಗಳು ಪದವಿ ಮುಗಿಸಿದ್ದಾಳೆ. ಮುಂದೆ ರಂಗಶಿಕ್ಷಣ ಪಡೆದು ಸಿನಿಮಾ, ಧಾರಾವಾಹಿಗಳಲ್ಲಿ ಪೋಷಕ ಪಾತ್ರಗಳ ನಟಿಯಾಗಿ ಬದುಕು ಕಟ್ಟಿಕೊಳ್ಳಬೇಕೆಂಬುದು ಅವಳ ನಿರ್ಧಾರ. ನಾಯಕಿಯಾಗುವ ಆಸೆ ತನಗಿಲ್ಲವೆಂದು ಅವಳೇ ಹೇಳುತ್ತಾಳೆ. ರಂಗಭೂಮಿಯಲ್ಲಿ ಕಲಿತು ಪರದೆಗೆ ಹೋದವರ ಬದುಕು ನಿಜವಾಗಿ ಹೇಗಿರುತ್ತದೆ ಎಂದು ಅಕ್ಕ, ಭಾವ ನನ್ನನ್ನು ಕೇಳಿದಾಗ, ಒಳ್ಳೆಯದೆಂದೋ ಬೇಡವೆಂದೋ ಒಂದೇ ಮಾತಿನಲ್ಲಿ ಉತ್ತರಿಸಲು ನನಗೆ ಮನಸ್ಸು ಬರಲಿಲ್ಲ. ಹೆಗ್ಗೋಡಿಗೆ ಹತ್ತಿರದಲ್ಲೇ ಇದ್ದು ನಾಟಕ ನೋಡುತ್ತ ಬೆಳೆದವನಾಗಿ ನನಗೆ ತೋಚಿದ್ದನ್ನು ಬರೆಯುತ್ತೇನೆ. ಆ ಕ್ಷೇತ್ರವನ್ನು ಒಳಗಿನಿಂದ ಬಲ್ಲವರು ಮುಂದುವರಿಸಬೇಕು.

ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಹುಟ್ಟಿದ್ದು 1949ರಲ್ಲಿ, ಊರಿನವರು ಸೇರಿ ಕಟ್ಟಿದ ಹವ್ಯಾಸಿ ಸಂಘವಾಗಿ. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. 1985ರಲ್ಲಿ ಮೊದಲ ತಿರುಗಾಟ, ಅಂದರೆ ಊರೂರಿಗೆ ನಾಟಕ ಒಯ್ಯುವ ತಂಡ, ಹೊರಟಿತು. ಸಿನಿಮಾಕ್ಕೆ ನಟರನ್ನು ಒದಗಿಸುವುದು ಆ ಕೇಂದ್ರದ ಉದ್ದೇಶವಾಗಿರಲಿಲ್ಲ. ಊರೂರುಗಳಲ್ಲಿ ನಾಟಕ ಕಟ್ಟಬಲ್ಲವರನ್ನು ಸಿದ್ಧಪಡಿಸುವುದಾಗಿತ್ತು. ಆದ್ದರಿಂದಲೇ ಅಲ್ಲಿ ನಟನೆಯ ಜೊತೆಗೆ ಬೆಳಕು, ರಂಗಸಜ್ಜಿಕೆ, ಪ್ರಸಾಧನ, ನಾಟಕ ಸಾಹಿತ್ಯ ಎಲ್ಲವನ್ನೂ ಕಲಿಸುತ್ತಾರೆ. ತಿರುಗಾಟದಲ್ಲಿರುವ ನಟ ಒಂದು ಊರಿನಲ್ಲಿ ಇಳಿದ ಮೇಲೆ ಮೊದಲು ಮಾಡುವ ಕೆಲಸ ಗಾಡಿಯಿಂದ ಸಾಮಾನು ಇಳಿಸುವುದು. ಸಂಜೆ ಅದೇ ಕೈಗಳಿಂದ ಬಣ್ಣ ಹಚ್ಚಿಕೊಂಡು ರಂಗಕ್ಕೆ ಬರುತ್ತಾನೆ. ನಾಟಕ ಮುಗಿದ ಮೇಲೆ ಮತ್ತೆ ಎಲ್ಲವನ್ನೂ ಬಿಚ್ಚಿ ಕಟ್ಟಿ ಗಾಡಿಗೆ ಏರಿಸಬೇಕು. ಇಂದು ಒಂದು ನಾಟಕದಲ್ಲಿ ರಾಜನಾಗಿದ್ದವನು ನಾಳೆ ಇನ್ನೊಂದು ನಾಟಕದಲ್ಲಿ ಎರಡು ಮಾತಿನ ಸೇವಕ. ಒಂದು ಊರಿನ ರಂಗಮಂದಿರಕ್ಕೂ ಮುಂದಿನ ಊರಿನ ಶಾಲೆಯ ಬಯಲಿಗೂ ಅದೇ ಪಾತ್ರವನ್ನು ಹೊಂದಿಸಿಕೊಳ್ಳುವ ಅಭ್ಯಾಸ ಕೆಲವೇ ತಿಂಗಳುಗಳಲ್ಲಿ ಮೈಗೂಡುತ್ತದೆ.

ಇಷ್ಟನ್ನು ಹೇಳಿದ್ದು ಒಬ್ಬ ನಟನ ವೃತ್ತಿಜೀವನವನ್ನು ಉದಾಹರಣೆಯಾಗಿ ಮುಂದಿಡಲು. ತಿಪಟೂರಿನವರಾದ ಅಚ್ಯುತ್ ಕುಮಾರ್ ಕಲಿತದ್ದು ಹೆಗ್ಗೋಡಿನಲ್ಲಿ. ಕಳೆದ ಒಂದೂವರೆ ದಶಕದ ಕನ್ನಡ ಸಿನಿಮಾ ನೋಡಿದವರಿಗೆ ಅವರ ಮುಖದ ಪರಿಚಯ ಹೇಳಬೇಕಾಗಿಲ್ಲ. 2013ರ ‘ಲೂಸಿಯಾ’ದಲ್ಲಿ ಅವರು ಹಳೆಯ ಟಾಕೀಸಿನ ಮಾಲೀಕ ಶಂಕರಣ್ಣ, ಅದೇ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಪ್ರೇಕ್ಷಕರಿಗೆ ಕುರ್ಚಿ ತೋರಿಸುವ ಹುಡುಗನಾಗಿ ಸತೀಶ್ ನೀನಾಸಂ. ಹೆಗ್ಗೋಡಿನಲ್ಲಿ ಕಲಿತ ಇಬ್ಬರು ಎದುರುಬದುರಾಗಿ ನಿಂತ ಆ ದೃಶ್ಯಗಳನ್ನು ನಾನು ವಿಶೇಷ ಗಮನವಿಟ್ಟು ನೋಡಿದ್ದೇನೆ. ಹುಡುಗ ಮಾತಾಡುತ್ತಿರುವಾಗ ಶಂಕರಣ್ಣ ಕೇಳಿಸಿಕೊಳ್ಳುವ ರೀತಿಯಿಂದಲೇ ಅವರಿಬ್ಬರ ಸಂಬಂಧ ಎಂಥದೆಂದು ತಿಳಿಯುತ್ತದೆ. 2022ರ ‘ಕಾಂತಾರ’ದಲ್ಲಿ ಅವರು ಧಣಿ ದೇವೇಂದ್ರ ಸುತ್ತೂರು. ಚಿತ್ರದ ಬಹುಭಾಗದಲ್ಲಿ ಆ ಧಣಿ ಮೆಲುದನಿಯ, ಊರಿಗೆ ಬೇಕಾದ ಮನುಷ್ಯ. ಕೊನೆಯ ಭಾಗದಲ್ಲಷ್ಟೇ ಅವನ ಒಳಗು ಬಯಲಾಗುತ್ತದೆ. ಅವನ ಸಭ್ಯತೆಯನ್ನು ನಾವು ನಂಬದೇ ಹೋಗಿದ್ದರೆ ಚಿತ್ರದ ಎರಡನೆಯ ಭಾಗಕ್ಕೆ ಬಲವೇ ಇರುತ್ತಿರಲಿಲ್ಲ. ಆ ನಂಬಿಕೆಯನ್ನು ಕಟ್ಟಿಕೊಟ್ಟದ್ದು ಒಬ್ಬ ಪೋಷಕ ನಟ.

ನನ್ನ ಅಭಿಪ್ರಾಯ ಇದು: ರಂಗಶಿಕ್ಷಣದಿಂದ ಪರದೆಗೆ ಸಲ್ಲುವ ಮುಖ್ಯ ಆಸ್ತಿ ಗಟ್ಟಿದನಿಯೋ ಸ್ಪಷ್ಟ ಉಚ್ಚಾರಣೆಯೋ ಅಲ್ಲ, ಎದುರಿನವರ ಮಾತನ್ನು ಪಾತ್ರವಾಗಿಯೇ ಕೇಳಿಸಿಕೊಳ್ಳುವುದು, ಮತ್ತು ಯಾರೂ ಸಮಯ ಕೊಡದಿದ್ದಾಗಲೂ ಪಾತ್ರವನ್ನು ತಾನೇ ಸಿದ್ಧಪಡಿಸಿಕೊಂಡು ಬರುವುದು. ಪೋಷಕ ನಟನ ಬದುಕು ನಿಂತಿರುವುದೇ ಈ ಎರಡರ ಮೇಲೆ. ಇದನ್ನು ಒಪ್ಪದವರೂ ಇರಬಹುದು. ಅವರ ಮಾತನ್ನು ಕೇಳಲು ಕಾದಿದ್ದೇನೆ.

ತೀರ್ಥಹಳ್ಳಿ ಓದುಗ

ನಿಮ್ಮ ಬರಹವನ್ನು ಗೌರವದಿಂದ ಓದಿದೆ. ಆದರೂ ಒಂದು ಆಕ್ಷೇಪವಿದೆ. ನೀವು ಹೇಳುವ ಗುಣಗಳು ರಂಗಶಿಕ್ಷಣದಿಂದ ಮಾತ್ರ ಬರುತ್ತವೆಯೇ? 2015ರ ‘ತಿಥಿ’ಯಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರು, ಯಾವ ತರಬೇತಿಯೂ ಇಲ್ಲದವರು. ಗಡ್ಡಪ್ಪನ ಪಾತ್ರ ಮಾಡಿದ ಅಜ್ಜ ನಡೆಯುವ, ಕೂರುವ, ಸುಮ್ಮನಿರುವ ರೀತಿಯಲ್ಲಿದ್ದ ಸಹಜತೆಯನ್ನು ತರಬೇತಾದ ಎಷ್ಟು ನಟರಿಂದ ನಿರೀಕ್ಷಿಸಬಹುದು? ಇನ್ನೊಂದು ಕಡೆ, ನಾಟಕದಿಂದ ಬಂದ ಕೆಲವರು ಕ್ಯಾಮೆರಾದ ಮುಂದೆಯೂ ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸುವಂತೆ ಮಾತಾಡುವುದನ್ನು ನಾವೆಲ್ಲ ನೋಡಿದ್ದೇವೆ. ಹುಬ್ಬು, ಕೈ, ಕುತ್ತಿಗೆ ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಕ್ಲೋಸಪ್‌ನಲ್ಲಿ ಅದು ಅತಿಯಾಗುತ್ತದೆ.

ನಮ್ಮ ತಾಲ್ಲೂಕಿನ ಒಂದು ಉದಾಹರಣೆಯನ್ನೂ ಸೇರಿಸುತ್ತೇನೆ. ಎಂಬತ್ತರ ದಶಕದ ನಡುವೆ ಶಂಕರ್ ನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರಿಸಿದರು. ಸ್ವಾಮಿಯ ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಇಬ್ಬರೂ ರಂಗಭೂಮಿಯ ಒಡನಾಟದವರೇ, ನಿಜ. ಆದರೆ ಆ ಧಾರಾವಾಹಿ ಇಂದಿಗೂ ನೆನಪಿನಲ್ಲಿ ಉಳಿದಿರುವುದು ಸ್ವಾಮಿಯ ಪಾತ್ರ ಮಾಡಿದ ಬಾಲಕನಿಂದ, ಮತ್ತು ನಮ್ಮ ಊರಿನ ಬೀದಿ, ಮಳೆ, ಮನೆಗಳಿಂದ. ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ಮಾಲ್ಗುಡಿ ಸಂಗ್ರಹಾಲಯ ಮಾಡಿದ ಮೇಲೆ ಅಲ್ಲಿಗೆ ಬರುವವರೂ ಮೊದಲು ಕೇಳುವುದು ಸ್ವಾಮಿಯ ಬಗ್ಗೆಯೇ.

ಸಾಗರದ ಪ್ರೇಕ್ಷಕ

ತೀರ್ಥಹಳ್ಳಿಯವರೇ, ‘ತಿಥಿ’ಯ ಬಗ್ಗೆ ನಿಮ್ಮ ಮಾತು ಪೂರ್ತಿ ಸರಿ. ಆದರೆ ಆ ಅಜ್ಜ ತಮ್ಮ ಊರಿನಲ್ಲಿ, ತಮ್ಮ ಮಾತಿನಲ್ಲಿ, ತಮ್ಮದೇ ನಡಿಗೆಗೆ ಹತ್ತಿರವಾದ ಒಂದು ಪಾತ್ರವನ್ನು ಮಾಡಿದರು. ಪೋಷಕ ನಟನ ವೃತ್ತಿಯಲ್ಲಿ ಸೋಮವಾರ ತಹಶೀಲ್ದಾರ, ಗುರುವಾರ ಕುಡುಕ ತಂದೆ, ಮುಂದಿನ ವಾರ ಇನ್ನೊಂದು ಸೀಮೆಯ ಸಾಹುಕಾರ. ಅಚ್ಯುತ್ ಕುಮಾರ್ ಅವರನ್ನೇ ನೋಡಿ: ಟಾಕೀಸಿನ ಮಾಲೀಕ, ಕರಾವಳಿಯ ಧಣಿ, 2018ರ ‘ಕೆಜಿಎಫ್’ನಲ್ಲಿ ರಾಜಕಾರಣಿ ಗುರುಪಾಂಡಿಯನ್. ಪೌರಕಾರ್ಮಿಕರ ಬದುಕಿನ ಕಥೆಯಾದ ‘ಅಮರಾವತಿ’ಯಲ್ಲಿ ಮುಖ್ಯ ಪಾತ್ರ ಸಿಕ್ಕಾಗ 2016ನೇ ಸಾಲಿನ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿಯೂ ಅವರಿಗೆ ಬಂತು. ತನ್ನದಲ್ಲದ ಬದುಕುಗಳ ನಡುವೆ ಹೀಗೆ ಓಡಾಡುವುದಕ್ಕೆ ಅಭ್ಯಾಸ ಬೇಕು. ಸಹಜತೆ ಒಂದು ಚಿತ್ರವನ್ನು ದಾಟಿಸಬಲ್ಲದು. ಇಪ್ಪತ್ತು ವರ್ಷದ ದುಡಿಮೆಯನ್ನು ದಾಟಿಸುವುದು ಕಷ್ಟ.

ಭದ್ರಾವತಿ ಹಳೆ ಟೌನ್

ನೀವಿಬ್ಬರೂ ತರಬೇತಿ ಕೇಂದ್ರಗಳ ನಂತರದ ಕಾಲವನ್ನೇ ಮಾತಾಡುತ್ತಿದ್ದೀರಿ. ಅದಕ್ಕೂ ಮೊದಲಿನ ದಾರಿಗಳನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ.

ಕನ್ನಡ ಚಿತ್ರರಂಗದ ಮೊದಲ ತಲೆಮಾರಿನ ಪೋಷಕ ನಟರಲ್ಲಿ ಹೆಚ್ಚಿನವರು ವೃತ್ತಿ ನಾಟಕ ಕಂಪನಿಗಳಿಂದ ಬಂದವರು. ಬಾಲಕೃಷ್ಣ, ನರಸಿಂಹರಾಜು ಇಬ್ಬರೂ ಕಂಪನಿ ನಾಟಕದಲ್ಲಿ ಬೆಳೆದವರೇ. ಕಂಪನಿಯಲ್ಲಿ ಪಠ್ಯಕ್ರಮವಿರಲಿಲ್ಲ, ಹುಡುಗನಾಗಿ ಸೇರಿ, ಹಿರಿಯರ ಪಾತ್ರಗಳನ್ನು ರಂಗದ ಬದಿಯ ಪರದೆಯ ಮರೆಯಲ್ಲಿ ನಿಂತು ನೋಡಿ ಬಾಯಿಪಾಠ ಮಾಡಿಕೊಂಡು, ಯಾರಾದರೂ ಕಾಯಿಲೆ ಬಿದ್ದ ರಾತ್ರಿ ಆ ಪಾತ್ರಕ್ಕೆ ಇಳಿಯಬೇಕಿತ್ತು. ಎಂ.ವಿ. ವಾಸುದೇವರಾವ್ ಕೂಡ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಬಿ.ವಿ. ಕಾರಂತರು 1975ರಲ್ಲಿ ‘ಚೋಮನ ದುಡಿ’ ಮಾಡಿದಾಗ ಚೋಮನಾಗಿ ನಟಿಸಿ ರಾಷ್ಟ್ರದ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಆ ಚಿತ್ರದ ಹಿಂದೆಯೂ ಮುಂದೆಯೂ ಅವರು ಹೆಚ್ಚಾಗಿ ಕಾಣಿಸಿಕೊಂಡದ್ದು ಸಣ್ಣ ಪಾತ್ರಗಳಲ್ಲಿ. ಚೋಮನಂಥ ಪಾತ್ರ ಮಾಡಿದ ಮನುಷ್ಯನಿಗೆ ನಮ್ಮ ಚಿತ್ರರಂಗ ಅಂಥ ಇನ್ನೊಂದು ಪಾತ್ರವನ್ನು ಬರೆಯಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಇನ್ನೊಂದು ದಾರಿ ಹವ್ಯಾಸಿ ರಂಗಭೂಮಿಯದು. ಅದರಲ್ಲಿ ನಮ್ಮ ಊರಿಗೂ ಪಾಲಿದೆ. ದೊಡ್ಡಣ್ಣನವರು ಸಿನಿಮಾಕ್ಕೆ ಹೋಗುವ ಮೊದಲು ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆಯ ಪಾಳಿ ಮುಗಿಸಿ ಬಂದು ತಾಲೀಮಿಗೆ ನಿಲ್ಲುವವರ ಒಂದು ದೊಡ್ಡ ಬಳಗವೇ ಭದ್ರಾವತಿಯಲ್ಲಿತ್ತು. ಅವರಿಗೆ ಸಂಬಳದ ಭದ್ರತೆಯಿತ್ತು, ನಾಟಕ ಹೊಟ್ಟೆಪಾಡಾಗಬೇಕಿರಲಿಲ್ಲ. ಬೆಂಗಳೂರಿನಲ್ಲೂ ಹಾಗೆಯೇ ನಡೆದಿತ್ತು. ಎಚ್.ಜಿ. ದತ್ತಾತ್ರೇಯ, ಅಂದರೆ ನಮ್ಮ ದತ್ತಣ್ಣ, ವಾಯುಪಡೆಯಲ್ಲಿ ಅಧಿಕಾರಿಯಾಗಿ ದುಡಿದವರು; ನಾಟಕದ ನಂಟು ಇಟ್ಟುಕೊಂಡೇ ಬಂದು, ‘ಮುನ್ನುಡಿ’ ಚಿತ್ರಕ್ಕಾಗಿ ಪೋಷಕ ನಟನ ರಾಷ್ಟ್ರಪ್ರಶಸ್ತಿ ಪಡೆದರು. ಕೈಯಲ್ಲಿ ಒಂದು ಉದ್ಯೋಗವಿದ್ದ ನಟ ಒಲ್ಲದ ಪಾತ್ರವನ್ನು ಬೇಡವೆನ್ನಬಲ್ಲ. ಈಗ ತರಬೇತಿ ಮುಗಿಸಿ ನೇರವಾಗಿ ಬೆಂಗಳೂರಿಗೆ ಹೋಗುವ ಹುಡುಗ ಹುಡುಗಿಯರಿಗೆ ಆ ಸ್ವಾತಂತ್ರ್ಯವಿದೆಯೇ ಎಂಬುದು ನನ್ನ ಪ್ರಶ್ನೆ. ನಿಮ್ಮ ಅಕ್ಕನ ಮಗಳು ಮೊದಲು ಯೋಚಿಸಬೇಕಾದ್ದು ಇದನ್ನೇ ಎಂದು ನನಗನಿಸುತ್ತದೆ.

ಸೊರಬದವಳು, ಈಗ ಬೆಂಗಳೂರಿನಲ್ಲಿ

ನಾನು ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವ ತಂಡದಲ್ಲಿ ಕೆಲಸ ಮಾಡುತ್ತೇನೆ. ಅದಕ್ಕೆ ಮೊದಲು ಸಹಾಯಕ ನಿರ್ದೇಶಕಿಯಾಗಿ ಸೆಟ್ಟಿನಲ್ಲಿದ್ದೆ. ಭದ್ರಾವತಿಯ ಅಣ್ಣನವರ ಪ್ರಶ್ನೆಗೆ ಉತ್ತರಿಸುವ ಮುನ್ನ, ಕಿರುತೆರೆಯ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದು ತಿಳಿಯದೆ ರಂಗನಟರ ಕಷ್ಟ, ಅನುಕೂಲಗಳೆರಡೂ ಅರ್ಥವಾಗುವುದಿಲ್ಲ.

ದಿನವೂ ಪ್ರಸಾರವಾಗುವ ಧಾರಾವಾಹಿಗೆ ಸರಿಸುಮಾರು ದಿನಕ್ಕೊಂದು ಕಂತಿನಷ್ಟು ಚಿತ್ರೀಕರಣ ಆಗಲೇಬೇಕು. ಹಾಗಾಗಿ ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಒಂದು ಮನೆಯ ನಡುಮನೆಯಲ್ಲಿ ನಡೆಯುವ ದೃಶ್ಯಗಳನ್ನೆಲ್ಲ, ಅವು ಯಾವ ಕಂತಿನವೇ ಆಗಿರಲಿ, ಒಟ್ಟಿಗೆ ತೆಗೆದು ಮುಗಿಸುತ್ತಾರೆ. ಬೆಳಿಗ್ಗೆ ಮಗಳ ಸಾವಿಗೆ ಅತ್ತ ತಾಯಿ ಮಧ್ಯಾಹ್ನ ಅದೇ ಮಗಳ ನಿಶ್ಚಿತಾರ್ಥದಲ್ಲಿ ನಗಬೇಕಾಗುತ್ತದೆ. ಸಂಭಾಷಣೆಯ ಹಾಳೆ ಕೈಗೆ ಬರುವುದು ಅನೇಕ ಸಲ ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ. ಬಾಯಿಪಾಠ ಮಾಡಲು ಸಮಯವಿಲ್ಲದ್ದರಿಂದ ಸಹಾಯಕ ನಿರ್ದೇಶಕರು ಕ್ಯಾಮೆರಾದ ಪಕ್ಕದಲ್ಲಿ ನಿಂತು ಒಂದೊಂದೇ ಸಾಲು ಹೇಳಿಕೊಡುತ್ತಾರೆ. ನಟರು ಅದನ್ನು ಕೇಳಿ ನುಡಿಯುತ್ತಾರೆ. ಹೀಗೆ ಪ್ರಾಂಪ್ಟಿಂಗ್ ಮಾಡುವುದು ನನ್ನ ಕೆಲಸವೂ ಆಗಿತ್ತು.

ಸಾಗರದವರು ಹೇಳಿದ ಕೇಳಿಸಿಕೊಳ್ಳುವ ಗುಣಕ್ಕೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ಕಿವಿ ಪ್ರಾಂಪ್ಟರಿನ ಕಡೆಗಿದ್ದರೆ ಎದುರಿನವರ ಮಾತು ಕಿವಿಗೆ ಬೀಳುವುದೇ ಇಲ್ಲ. ತಾಲೀಮಿನಲ್ಲಿ ತಿಂಗಳುಗಟ್ಟಲೆ ಕಲಿತದ್ದನ್ನು ಕೆಲವು ನಟರು ಒಂದು ವರ್ಷದ ಧಾರಾವಾಹಿಯಲ್ಲಿ ಕಳೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅದನ್ನು ಉಳಿಸಿಕೊಂಡವರೂ ಇದ್ದಾರೆ, ಮತ್ತು ಅವರು ಬಹುತೇಕ ರಂಗಭೂಮಿಯಿಂದ ಬಂದವರೇ. ಅವರು ಹಾಳೆ ಸಿಕ್ಕ ಕೂಡಲೇ ತಮ್ಮ ಸಾಲುಗಳಿಗಿಂತ ಮೊದಲು ಎದುರಿನ ಪಾತ್ರದ ಸಾಲುಗಳನ್ನು ಓದುತ್ತಾರೆ. ಈ ದೃಶ್ಯಕ್ಕೆ ಹಿಂದಿನದು ಯಾವುದು, ಮುಂದಿನದು ಯಾವುದು, ನನಗೆ ಈಗ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಕೇಳುತ್ತಾರೆ. ಬೇರೆಯವರ ಕ್ಲೋಸಪ್ ತೆಗೆಯುವಾಗ ತಾವು ಚೌಕಟ್ಟಿನಲ್ಲಿ ಇಲ್ಲದಿದ್ದರೂ ಎದುರು ನಿಂತು ಪೂರ್ತಿ ಭಾವದಿಂದ ಮಾತು ಕೊಡುತ್ತಾರೆ. ಹೊಸ ಹುಡುಗಿಯೊಬ್ಬಳು ಮೊದಲ ವಾರ ಹೆದರಿಕೊಂಡು ನಿಂತಿದ್ದಾಗ, ತಂದೆಯ ಪಾತ್ರದಲ್ಲಿದ್ದ ಒಬ್ಬ ಹಿರಿಯ ರಂಗನಟರು ಊಟದ ಬಿಡುವಿನಲ್ಲಿ ಅವಳೊಂದಿಗೆ ದೃಶ್ಯವನ್ನು ಮತ್ತೆ ಮತ್ತೆ ಓದುತ್ತ ಕೂತದ್ದು ನೆನಪಿದೆ. ಸಂಜೆ ಆ ದೃಶ್ಯ ಅವಳದಾಯಿತು, ಹೊಗಳಿಕೆಯೂ ಅವಳಿಗೇ ಬಂತು. ಸೆಟ್ಟಿನಲ್ಲಿದ್ದ ನಮಗೆ ಮಾತ್ರ ಆ ಹಿರಿಯರ ಕೆಲಸ ಏನೆಂದು ಗೊತ್ತಿತ್ತು.

ಹಿಂದೆ ಟಿ.ಎನ್. ಸೀತಾರಾಂ ಅವರಂಥ, ತಾವೇ ನಾಟಕಕಾರರಾಗಿದ್ದ ನಿರ್ದೇಶಕರು ‘ಮಾಯಾಮೃಗ’, ‘ಮನ್ವಂತರ’, ‘ಮುಕ್ತ’ ಮುಂತಾದ ಧಾರಾವಾಹಿಗಳನ್ನು ಮಾಡಿದಾಗ ರಂಗನಟರಿಗೆ ಒಳ್ಳೆಯ ಅವಕಾಶವಿತ್ತು. ನ್ಯಾಯಾಲಯದ ದೃಶ್ಯದಲ್ಲಿ ಒಬ್ಬ ಸಾಕ್ಷಿ ಬಂದು ಹೋದರೂ ಆ ಪಾತ್ರಕ್ಕೊಂದು ಊರು, ಒಂದು ಮಾತಿನ ರೀತಿ, ಒಂದು ಅಳುಕು ಇರುತ್ತಿತ್ತು. ಅಂಥ ಬರವಣಿಗೆ ಇಂದಿನ ಓಟದಲ್ಲಿ ಕಡಿಮೆಯಾಗಿದೆ ಎಂಬ ನೋವು ಬರೆಯುವವಳಾಗಿ ನನಗೂ ಇದೆ. ವಾರಕ್ಕೊಮ್ಮೆ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರೆಂಬ ಲೆಕ್ಕ, ಬಂದ ದಿನ ಕಥೆಯ ದಿಕ್ಕು ಬದಲಾಗುತ್ತದೆ; ಆಗ ಮೊದಲು ಮರೆಯಾಗುವುದು ಪೋಷಕ ಪಾತ್ರಗಳು. ಸೋದರಮಾವ ದೂರದ ಊರಿಗೆ ಹೋದನೆಂದು ಯಾರೋ ಒಂದು ಸಾಲಿನಲ್ಲಿ ಹೇಳುತ್ತಾರೆ, ಅಲ್ಲಿಗೆ ಆ ನಟನ ಆ ತಿಂಗಳ ವರಮಾನ ನಿಂತಿತು.

ಹಣದ ಬಗ್ಗೆಯೂ ಹೇಳಿಬಿಡುತ್ತೇನೆ. ಪೋಷಕ ನಟರಿಗೆ ಸಂಭಾವನೆ ದಿನದ ಲೆಕ್ಕದಲ್ಲಿ. ದಿನಕ್ಕೆ ಎಷ್ಟು ಎಂಬುದಕ್ಕಿಂತ ತಿಂಗಳಿಗೆ ಎಷ್ಟು ದಿನ ಕರೆಯುತ್ತಾರೆ ಎಂಬುದೇ ಮುಖ್ಯ. ದುಡಿದದ್ದು ಕೈಗೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಎರಡು ಧಾರಾವಾಹಿಗಳ ಕಾಲ್‌ಶೀಟ್, ಅಂದರೆ ಚಿತ್ರೀಕರಣದ ದಿನಗಳನ್ನು, ಹೊಂದಿಸಿಕೊಂಡವರು ನೆಮ್ಮದಿಯಾಗಿರುತ್ತಾರೆ. ಒಂದನ್ನೇ ನಂಬಿಕೊಂಡವರಿಗೆ ಅದು ಮುಗಿದ ಮೇಲೆ ಖಾಲಿ ದಿನಗಳು. ಧ್ವನಿ ಪಳಗಿದ್ದವರಿಗೆ ಡಬ್ಬಿಂಗ್ ಕೆಲಸವೂ ಸಿಗುತ್ತದೆ, ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಮಾಡಿಸಿಯೂ ಹಲವರು ಬದುಕುತ್ತಾರೆ. ರಂಗಶಿಕ್ಷಣ ಪಡೆದವರಿಗೆ ಈ ಕೊನೆಯ ದಾರಿ ದೊಡ್ಡ ಆಸರೆ.

ಶಿವಮೊಗ್ಗ ನಿವೃತ್ತ ಅಧ್ಯಾಪಕಿ

ಸೊರಬದ ತಂಗಿಯ ಬರಹಕ್ಕೆ ಧನ್ಯವಾದಗಳು. ಚರ್ಚೆ ಒಬ್ಬ ಹುಡುಗಿಯ ಭವಿಷ್ಯದಿಂದ ಆರಂಭವಾಯಿತು, ಆದರೆ ಇಲ್ಲಿಯವರೆಗೆ ಹೆಸರಿಸಿದವರಲ್ಲಿ ಬಹುತೇಕರು ಗಂಡಸರು. ನಟಿಯರ ದಾರಿ ಬೇರೆಯೇ ಇದೆ.

ಉಮಾಶ್ರೀಯವರನ್ನು ನಾನು ಮೊದಲು ಮೆಚ್ಚಿದ್ದು ರಂಗದ ಮೇಲೆ, ‘ಒಡಲಾಳ’ ನಾಟಕದ ಸಾಕವ್ವನಾಗಿ. ಮುದಿ ಸಾಕವ್ವನ ಹಟ, ಹಸಿವು, ಮಮತೆ ಮೂರನ್ನೂ ಅವರು ಬೆನ್ನಿನ ಬಾಗಿನಲ್ಲಿಯೇ ಹೇಳಿಬಿಡುತ್ತಿದ್ದರು. ಸಿನಿಮಾ ಬಹಳ ಕಾಲ ಆ ನಟಿಯನ್ನು ಹಾಸ್ಯದ ಪಾತ್ರಗಳಲ್ಲೇ ದುಡಿಸಿತು, ಅದೂ ಎಷ್ಟೋ ಸಲ ಅಗ್ಗದ ಹಾಸ್ಯ. ನಮ್ಮ ಜಿಲ್ಲೆಯವರೇ ಆದ ಗಿರೀಶ ಕಾಸರವಳ್ಳಿಯವರು 2008ರಲ್ಲಿ ‘ಗುಲಾಬಿ ಟಾಕೀಸ್’ ಮಾಡಿದಾಗ, ಸೂಲಗಿತ್ತಿ ಗುಲಾಬಿಯಾಗಿ ಅವರು ರಾಷ್ಟ್ರದ ಅತ್ಯುತ್ತಮ ನಟಿಯಾದರು. ಸಾಕವ್ವನನ್ನು ರಂಗದ ಮೇಲೆ ಕಂಡಿದ್ದವರಿಗೆ ಆ ಪ್ರಶಸ್ತಿ ಆಶ್ಚರ್ಯ ತರಲಿಲ್ಲ; ಇಷ್ಟು ತಡವಾಯಿತಲ್ಲ ಎಂಬುದೊಂದೇ ಬೇಸರ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಅವರು ಮೆಸ್ ನಡೆಸುವ ಪುಟ್ಟಕ್ಕನಾಗಿ ಬಂದಾಗ, ನಡುವಯಸ್ಸು ದಾಟಿದ ಹೆಂಗಸು ಕಥೆಯ ನಡುವೆ ನಿಂತಳೆಂಬ ಸಂತೋಷ ನನಗಾಯಿತು. ನಮ್ಮ ಕಿರುತೆರೆಯಲ್ಲಿ ಆ ವಯಸ್ಸಿನ ನಟಿಗೆ ಸಾಮಾನ್ಯವಾಗಿ ಸಿಗುವುದು ಸೊಸೆಯನ್ನು ಕಾಡುವ ಅತ್ತೆಯ ಪಾತ್ರ, ಇಲ್ಲವೇ ಸದಾ ಕಣ್ಣೀರಿಡುವ ತಾಯಿಯ ಪಾತ್ರ.

ತೀರ್ಥಹಳ್ಳಿಯವರು ನೆನೆದ ವೈಶಾಲಿ ಕಾಸರವಳ್ಳಿಯವರ ಬದುಕಿನಿಂದ ಕಲಿಯಬೇಕಾದ್ದು ಇನ್ನೊಂದಿದೆ. ಅವರು ನಟಿಯಾಗಿಯಷ್ಟೇ ಉಳಿಯಲಿಲ್ಲ. ‘ತಾಯಿ ಸಾಹೇಬ’ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು, ‘ಮೂಡಲ ಮನೆ’ಯಂಥ ಧಾರಾವಾಹಿಯನ್ನು ನಿರ್ದೇಶಿಸಿದರು. ರಂಗದಲ್ಲಿ ಬೆಳೆದವರಿಗೆ ಉಡುಗೆಯ ಹೊಲಿಗೆಯಿಂದ ಸಂಭಾಷಣೆಯ ಲಯದವರೆಗೆ ಎಲ್ಲದರ ಪರಿಚಯವಿರುತ್ತದೆ. ಪಾತ್ರ ಬರುವವರೆಗೆ ಕಾಯುತ್ತ ಕೂರುವ ಅಗತ್ಯ ಅಂಥವರಿಗೆ ಕಡಿಮೆ. ಅಕ್ಕನ ಮಗಳಿಗೆ ದಯವಿಟ್ಟು ಇದನ್ನು ಹೇಳಿ: ರಂಗಶಿಕ್ಷಣದಲ್ಲಿ ನಟನೆಯ ಪಾಠಕ್ಕೆ ಕೊಡುವಷ್ಟೇ ಗಮನವನ್ನು ಉಳಿದ ಪಾಠಗಳಿಗೂ ಕೊಡಲಿ.

ತೀರ್ಥಹಳ್ಳಿ ಓದುಗ

ಮೇಡಂ ಬರೆದದ್ದನ್ನೂ ಸೊರಬದವರು ಬರೆದದ್ದನ್ನೂ ಓದಿದ ಮೇಲೆ ನನ್ನ ಆಕ್ಷೇಪ ಸ್ವಲ್ಪ ಸಡಿಲವಾಗಿದೆ, ಪೂರ್ತಿ ಬಿಟ್ಟಿಲ್ಲ. ಕ್ಯಾಮೆರಾಕ್ಕೆ ಬೇಕಾದ ಅಳತೆಯನ್ನು ರಂಗನಟ ಹೊಸದಾಗಿ ಕಲಿಯಲೇಬೇಕು ಎಂದು ಈಗಲೂ ಹೇಳುತ್ತೇನೆ. ಅದನ್ನು ಚೆನ್ನಾಗಿ ಕಲಿತವರೊಬ್ಬರ ಹೆಸರು ಈ ಚರ್ಚೆಯಲ್ಲಿ ಬಾರದಿರುವುದು ಸರಿಯಲ್ಲ.

1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣವೆಂಬ ನಾಟಕ ಸಂಸ್ಥೆ ಕಟ್ಟಿದಾಗ ಆಯ್ಕೆಯಾದ ಕಲಾವಿದರಲ್ಲಿ ರಘು ಒಬ್ಬರು. ಆಮೇಲೆ ರಂಗಾಯಣ ರಘು ಎಂದೇ ಚಿತ್ರರಂಗದಲ್ಲಿ ಹೆಸರಾದರು. ‘ದುನಿಯಾ’ ಕಾಲದಿಂದ ಅವರನ್ನು ಎಷ್ಟು ಚಿತ್ರಗಳಲ್ಲಿ ನೋಡಿದ್ದೇವೆ! ಅನೇಕವುಗಳಲ್ಲಿ ನಿರ್ದೇಶಕರು ಅವರಿಂದ ಬಯಸಿದ್ದು ಜೋರುದನಿ ಮತ್ತು ವೇಗದ ಮಾತು ಮಾತ್ರ. ಆದರೆ 2024ರ ‘ಶಾಖಾಹಾರಿ’ಯನ್ನು ನೋಡಿ. ನಮ್ಮ ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಹೋಟೆಲು ನಡೆಸುವ ಸುಬ್ಬಣ್ಣನಾಗಿ ಅವರು ಮಾತನ್ನು ಎಷ್ಟು ಹಿಡಿದಿಟ್ಟಿದ್ದಾರೆ! ಒಲೆಯ ಮುಂದೆ ನಿಂತ ರೀತಿ, ಗಿರಾಕಿಗಳ ಹರಟೆಗೆ ಕಿವಿಗೊಟ್ಟೂ ಕೊಡದಂತಿರುವ ಮುಖ, ಒಳಗಿನ ಕಳವಳವನ್ನು ಕೈಕೆಲಸದಲ್ಲಿ ಮುಚ್ಚಿಡುವ ಯತ್ನ, ಇವೆಲ್ಲ ಇಷ್ಟು ವರ್ಷ ಆ ನಟನ ಒಳಗೆ ಇದ್ದೇ ಇದ್ದವು. ಕೇಳುವವರು ಬೇಕಾಗಿತ್ತು ಅಷ್ಟೆ. ಎದುರಿಗೆ ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ, ಅವರೂ ರಂಗಭೂಮಿಯವರೇ. ಇಬ್ಬರೂ ಒಬ್ಬರ ಮೇಲೊಬ್ಬರು ಗೆಲ್ಲಲು ಹೋಗುವುದಿಲ್ಲ. ಸಾಗರದವರು ಕೇಳಿಸಿಕೊಳ್ಳುವುದೆಂದು ಕರೆದದ್ದು ಇದನ್ನೇ ಆದರೆ, ಆ ಮಟ್ಟಿಗೆ ನಾನು ಒಪ್ಪುತ್ತೇನೆ.

ಭದ್ರಾವತಿ ಹಳೆ ಟೌನ್

ಸಂಚಾರಿ ವಿಜಯ್ ಅವರನ್ನೂ ನೆನೆಯದೆ ಈ ಮಾತು ಮುಂದೆ ಹೋಗಬಾರದು. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಹುಡುಗ. ಬೆಂಗಳೂರಿನ ಸಂಚಾರಿ ರಂಗತಂಡದಲ್ಲಿ ಪಳಗಿ, ‘ನಾನು ಅವನಲ್ಲ ಅವಳು’ ಚಿತ್ರಕ್ಕೆ 2014ನೇ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದರು. 2021ರ ಜೂನ್‌ನಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ. ರಾಷ್ಟ್ರಪ್ರಶಸ್ತಿ ಬಂದ ಮೇಲೂ ಅವರ ಶಕ್ತಿಗೆ ತಕ್ಕ ಪಾತ್ರಗಳು ಎಷ್ಟು ಬಂದವು ಎಂದು ಯೋಚಿಸಿದರೆ ವಾಸುದೇವರಾಯರ ವಿಷಯದಲ್ಲಿ ನಾನು ಹೇಳಿದ ಸಂಕಟವೇ ಮತ್ತೆ ಎದುರಾಗುತ್ತದೆ. ನಲವತ್ತು ವರ್ಷಗಳ ಅಂತರದಲ್ಲಿಯೂ ಈ ಒಂದು ವಿಷಯದಲ್ಲಿ ನಾವು ಹೆಚ್ಚು ಮುಂದೆ ಬಂದಿಲ್ಲ.

ಸಾಗರದ ಪ್ರೇಕ್ಷಕ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿ. ಈ ಬರಹಗಳನ್ನು ಅಕ್ಕನ ಮನೆಯಲ್ಲಿ ಓದಿ ಹೇಳಿದೆ. ಭಾವನವರಿಗೆ ಭದ್ರಾವತಿಯವರ ಮಾತು ಹಿಡಿಸಿತು, ಮೊದಲು ಬಿ.ಎಡ್. ಮುಗಿಸಲಿ, ಆಮೇಲೆ ರಂಗಶಿಕ್ಷಣ ಎನ್ನುತ್ತಿದ್ದಾರೆ. ಹುಡುಗಿಗೆ ಅದು ಒಪ್ಪಿಗೆಯಿಲ್ಲ. ರಂಗಶಿಕ್ಷಣ ಒಂದು ವರ್ಷದ್ದು, ಅದನ್ನು ಮೊದಲು ಮುಗಿಸಿ, ತಿರುಗಾಟಕ್ಕೆ ಆಯ್ಕೆಯಾದರೆ ಅದನ್ನೂ ಮಾಡಿ, ಬಳಿಕ ಬಿ.ಎಡ್. ಸೇರುತ್ತೇನೆ ಎಂಬುದು ಅವಳ ವಾದ. ನನಗೆ ಅವಳ ಮಾತೇ ಸರಿಯೆನಿಸುತ್ತದೆ. ಊರೂರು ಅಲೆಯುವ, ಸಾಮಾನು ಹೊರುವ ಮೈಕಸುವು ಈಗಿನ ವಯಸ್ಸಿಗೇ ಸಲ್ಲುವಂಥದು. ಅಧ್ಯಾಪನದ ತರಬೇತಿ ಎರಡು ವರ್ಷ ತಡವಾದರೆ ನಷ್ಟವಿಲ್ಲ.

ಅವಳು ಸೊರಬದವರನ್ನು ಕೇಳಲು ಹೇಳಿದ ಪ್ರಶ್ನೆ ಒಂದಿದೆ. ಅವಳ ಮಾತು ಅಪ್ಪಟ ಮಲೆನಾಡಿನದು. ಧಾರಾವಾಹಿಗೆ ಹೋದರೆ ಆ ಮಾತನ್ನು ಬಿಡಬೇಕಾಗುತ್ತದೆಯೇ?

ಸೊರಬದವಳು, ಈಗ ಬೆಂಗಳೂರಿನಲ್ಲಿ

ಬಿಡುವುದು ಬೇಡ, ಅದರ ಜೊತೆಗೆ ಇನ್ನೂ ಮೂರು ನಾಲ್ಕು ಕಡೆಯ ಮಾತನ್ನು ಕಲಿತುಕೊಳ್ಳಲಿ. ಹೆಚ್ಚಿನ ಧಾರಾವಾಹಿಗಳಲ್ಲಿ ನಡೆಯುವುದು ಬೆಂಗಳೂರು ಮೈಸೂರು ಸೀಮೆಯ ಮಾತು. ಆಡಿಷನ್‌ನಲ್ಲಿ ಮೊದಲು ಅದನ್ನೇ ಕೇಳುತ್ತಾರೆ. ಅದು ಬಾರದಿದ್ದರೆ ಬಾಗಿಲು ತೆರೆಯುವುದು ಕಷ್ಟ. ಆದರೆ ಉತ್ತರ ಕರ್ನಾಟಕದ, ಕರಾವಳಿಯ, ಮಲೆನಾಡಿನ ಮನೆತನಗಳ ಕಥೆಗಳು ಈಚೆಗೆ ಹೆಚ್ಚುತ್ತಿವೆ. ಅಂಥ ಕಥೆ ಬಂದಾಗ ನಾವು ಬರೆಯುವವರು ಮೊದಲು ಹುಡುಕುವುದು ಆ ಮಾತು ನಾಲಿಗೆಯಲ್ಲಿರುವ ಪೋಷಕ ನಟರನ್ನು. ಅಂಥವರಿದ್ದರೆ ಮುಖ್ಯ ಪಾತ್ರದವರಿಗೂ ಅವರೇ ಸೆಟ್ಟಿನಲ್ಲಿ ಮಾತು ತಿದ್ದಿಕೊಡುತ್ತಾರೆ. ತಿರುಗಾಟದಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಹೋಗುವ ಅವಕಾಶ ಸಿಕ್ಕರೆ, ಪ್ರತಿ ಊರಿನಲ್ಲಿ ಊಟಕ್ಕೆ ಕರೆದ ಮನೆಯ ಹೆಂಗಸರೊಂದಿಗೆ ಕೂತು ಮಾತಾಡಲಿ, ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ತರಬೇತಿ ಮುಗಿದ ಮೇಲೆ ಬೆಂಗಳೂರಿಗೆ ಬಂದರೆ ಮೊದಲು ನನಗೆ ಈ ವೇದಿಕೆಯಲ್ಲೇ ಸಂದೇಶ ಕಳಿಸಲಿ. ಯಾವ ಆಡಿಷನ್ ನಂಬಬಹುದು, ಯಾರು ಮುಂಗಡ ಹಣ ಕೇಳಿದರೆ ಎದ್ದು ಬರಬೇಕು ಎಂಬುದನ್ನೆಲ್ಲ ನಾನು ತಿಳಿಸಿಕೊಡುತ್ತೇನೆ.